ಪಡಿ ಬರಲಿಲ್ಲ, ಗೋಡೆ ದಾಟಿದರು: ನೈಲ್ ದಡದ ಒಂದು ಧರಣಿಯ ಪ್ರಕರಣ ಅಧ್ಯಯನ

ಪ್ರಾಚೀನ ಈಜಿಪ್ಟ್, ರಾಜನ ಆಳ್ವಿಕೆಯ 29ನೇ ವರ್ಷ. ಅವರ ಪಂಚಾಂಗದ ಪೆರೆತ್ ಎಂಬ ಋತುವಿನ ಎರಡನೇ ತಿಂಗಳು, 10ನೇ ದಿನ. ಜಾಗ, ಥೀಬ್ಸ್ ನಗರದ ಎದುರಿಗೆ ನೈಲ್ ನದಿಯ ಪಶ್ಚಿಮ ದಡ. ರಾಜರ ಸಮಾಧಿ ಕೊರೆಯುವ ಕೆಲಸಗಾರರು ಅವತ್ತು ಕೆಲಸ ಬಿಟ್ಟರು. ಕಾವಲಿನ ಐದು ಗೋಡೆಗಳನ್ನು ದಾಟಿ ಹೊರಗೆ ಬಂದರು. ‘ನಮಗೆ ಹಸಿವಾಗಿದೆ, ಹದಿನೆಂಟು ದಿನ ಕಳೆದವು’ ಎಂದರು. ಮೂರನೇ ಥುಟ್ಮೋಸ್ ರಾಜನ ದೇವಾಲಯದ ಹಿಂಬದಿಗೆ ಹೋಗಿ ಕೂತುಬಿಟ್ಟರು.

ಇದಿಷ್ಟನ್ನೂ ಅವತ್ತಿನ ಲಿಪಿಕಾರನೊಬ್ಬ ಪಪೈರಸ್ ಮೇಲೆ ಬರೆದಿಟ್ಟಿದ್ದಾನೆ. ಆ ಪಪೈರಸ್ ಈಗ ಇಟಲಿಯ ಟ್ಯೂರಿನ್ ನಗರದ ಈಜಿಪ್ಟ್ ಮ್ಯೂಸಿಯಂನಲ್ಲಿದೆ. ರಾಜ ಮೂರನೇ ರಾಮ್ಸೆಸ್. ನಮ್ಮ ಲೆಕ್ಕದಲ್ಲಿ ಕ್ರಿ.ಪೂ. 1157ರ ಸುಮಾರು. ಬರಹದಲ್ಲಿ ಉಳಿದಿರುವ ಜಗತ್ತಿನ ಮೊದಲ ಮುಷ್ಕರ ಎಂದು ಇತಿಹಾಸಕಾರರು ಗುರುತಿಸುವುದು ಇದನ್ನೇ.

ನಾವೆಲ್ಲ ಶಾಲೆಯಲ್ಲಿ ನದಿ ಬಯಲಿನ ನಾಗರಿಕತೆಗಳ ಪಾಠ ಓದಿದ್ದೇವೆ. ನದಿ ಉಕ್ಕಿತು, ಮೆಕ್ಕಲು ಮಣ್ಣು ಬಂತು, ಬೆಳೆ ಬೆಳೆಯಿತು, ಜನ ಸುಖವಾಗಿದ್ದರು, ಪಿರಮಿಡ್ ಕಟ್ಟಿದರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಬೆಳೆದ ಕಾಳು ಒಬ್ಬ ಕೆಲಸಗಾರನ ಮನೆ ಒಲೆಯ ತನಕ ಹೇಗೆ ಬರುತ್ತಿತ್ತು? ಪಾಠದಲ್ಲಿ ಅದು ಇರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮಪ್ಪನಿಗೆ ಮೂರು ತಿಂಗಳು ಸಂಬಳ ಬರಲಿಲ್ಲ. ಅಂಗಡಿಯಲ್ಲಿ ಅಕ್ಕಿ ಇತ್ತು, ಸಂತೆಯಲ್ಲಿ ತರಕಾರಿ ಇತ್ತು. ನಮ್ಮ ಮನೆಗೆ ಮಾತ್ರ ಅವು ಬರುತ್ತಿರಲಿಲ್ಲ. ಅಮ್ಮ ಉದ್ರಿ ಹೇಳಲು ನನ್ನನ್ನೇ ಕಳಿಸುತ್ತಿದ್ದಳು. ಅದಕ್ಕೇ ಇರಬೇಕು, ಈ ಪಪೈರಸ್‌ನ ಮಾತುಗಳನ್ನು ಮೊದಲ ಸಲ ಓದಿದಾಗ ನನಗೆ ಅದು ಹಳೆಯ ಕಾಲದ ಕಥೆ ಅನ್ನಿಸಲಿಲ್ಲ. ನದಿಯ ಕೊಡುಗೆಗೂ ಮನೆಯ ಒಲೆಗೂ ನಡುವೆ ಎಷ್ಟು ಕೈಗಳಿವೆ, ಆ ಕೈಗಳಲ್ಲಿ ಒಂದು ತಡೆದರೆ ಏನಾಗುತ್ತದೆ ಎಂಬುದನ್ನು ಈ ಒಂದೇ ಪ್ರಕರಣ ತೋರಿಸಿಕೊಡುತ್ತದೆ.

ನೀರಿಲ್ಲದ ಊರು

ಈಗ ಆ ಊರನ್ನು ದೇರ್ ಎಲ್-ಮದೀನಾ ಎನ್ನುತ್ತಾರೆ. ಅಂದಿನವರು ಕರೆಯುತ್ತಿದ್ದದ್ದು ‘ಸತ್ಯದ ಜಾಗ’ ಎಂದು. ನೈಲ್‌ನ ಹಸಿರು ಬಯಲು ಮುಗಿದು ಮರುಭೂಮಿ ಶುರುವಾದ ಮೇಲೆ, ಬೆಟ್ಟಗಳ ನಡುವಿನ ಒಂದು ಕಣಿವೆಯಲ್ಲಿ ಈ ಊರಿತ್ತು. ಗೋಡೆಯ ಒಳಗೆ ಸುಮಾರು 70 ಮನೆ. ಒಂದಕ್ಕೊಂದು ಅಂಟಿಕೊಂಡ, ಉದ್ದಕ್ಕೆ ಹಿಂದೆ ಹೋಗುವ ಕಿರಿದಾದ ಮನೆಗಳು. ಹಿಂದುಗಡೆ ಅಡುಗೆ ಜಾಗ, ನೆಲದಡಿಯಲ್ಲಿ ಸಾಮಾನು ಇಡುವ ಉಗ್ರಾಣ, ಮಾಳಿಗೆಗೆ ಮೆಟ್ಟಿಲು.

ಈ ಊರಲ್ಲಿ ಬಾವಿ ಇರಲಿಲ್ಲ. ಹೊಲವೂ ಇರಲಿಲ್ಲ. ಹರಿಯುವ ನೈಲ್ ನದಿ ಅಷ್ಟು ಹತ್ತಿರ, ಆದರೂ ಕುಡಿಯುವ ನೀರು ಕತ್ತೆಗಳ ಮೇಲೆ ಬರಬೇಕಿತ್ತು. ಊರಿನ ಪಕ್ಕದಲ್ಲಿ ಸುಮಾರು 50 ಮೀಟರ್ ಆಳದ ಒಂದು ದೊಡ್ಡ ಗುಂಡಿ ಇದೆ. ನೀರಿಗಾಗಿಯೇ ತೋಡಿದ್ದು ಎಂದು ಪುರಾತತ್ವದವರು ಹೇಳುತ್ತಾರೆ. ನೀರು ಸಿಗಲಿಲ್ಲ. ಕೊನೆಗೆ ಅದು ಕಸದ ಗುಂಡಿಯಾಯಿತು. ನಮ್ಮ ಅದೃಷ್ಟ, ಆ ಕಸದಲ್ಲಿ ಬರೆದ ಮಡಕೆ ಚೂರುಗಳು, ಬರೆದ ಸುಣ್ಣಕಲ್ಲಿನ ಚಕ್ಕೆಗಳು ಸಾವಿರಗಟ್ಟಲೆ ಇದ್ದವು. ಫ್ರಾನ್ಸಿನ ಬರ್ನಾರ್ ಬ್ರೂಯೆರ್ 1922ರಿಂದ ಸುಮಾರು 30 ವರ್ಷ ಇಲ್ಲಿ ಅಗೆದ. ಸಾಲದ ಚೀಟಿ, ಜಗಳದ ತೀರ್ಪು, ಅಗಸನಿಗೆ ಕೊಟ್ಟ ಬಟ್ಟೆಯ ಪಟ್ಟಿ, ಪ್ರೇಮಗೀತೆ, ಎಲ್ಲವೂ ಸಿಕ್ಕವು. ಅಷ್ಟು ಹಿಂದಿನ ಕಾಲದ ಸಾಮಾನ್ಯ ಜನರ ದಿನನಿತ್ಯ ಇಷ್ಟು ಹತ್ತಿರದಿಂದ ಕಾಣುವ ಊರು ಬೇರೆ ಸಿಗುವುದು ಕಷ್ಟ.

ಇಲ್ಲಿನ ಗಂಡಸರು ಕಲ್ಲು ಕೊರೆಯುವವರು, ಗಾರೆಯವರು, ಚಿತ್ರ ಬರೆಯುವವರು. ರಾಜರ ಕಣಿವೆಯಲ್ಲಿ ಸಮಾಧಿ ಸಿದ್ಧ ಮಾಡುವುದು ಇವರ ಕೆಲಸ. ಆಗ ತಂಡದಲ್ಲಿ ಸುಮಾರು 40 ಜನ. ತಂಡ ಎರಡು ಭಾಗ, ಬಲಗಡೆಯವರು ಮತ್ತು ಎಡಗಡೆಯವರು. ಒಂದೊಂದು ಕಡೆಗೆ ಒಬ್ಬೊಬ್ಬ ಮೇಸ್ತ್ರಿ. ಲೆಕ್ಕ ಬರೆಯಲು ಒಬ್ಬ ಲಿಪಿಕಾರ. ಈ ಮೂವರನ್ನು ಪಪೈರಸ್ ‘ಮೂವರು ಮುಖಂಡರು’ ಎಂದು ಕರೆಯುತ್ತದೆ. ವಾರಕ್ಕೆ ಹತ್ತು ದಿನ, ಅದರಲ್ಲಿ ಕೊನೆಯ ಎರಡು ದಿನ ರಜೆ. ಕೆಲಸದ ದಿನಗಳಲ್ಲಿ ಬೆಟ್ಟದ ದಾರಿಯ ಗುಡಿಸಲುಗಳಲ್ಲೇ ಮಲಗುತ್ತಿದ್ದರು.

ಹಾಜರಿಯನ್ನೂ ಬರೆಯುತ್ತಿದ್ದರು. ಎರಡನೇ ರಾಮ್ಸೆಸ್‌ನ 40ನೇ ವರ್ಷದ ಒಂದು ಹಾಜರಿ ಕಲ್ಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 40 ಹೆಸರು, 280 ದಿನಗಳ ಲೆಕ್ಕ. ಯಾರು ಯಾಕೆ ಬರಲಿಲ್ಲ ಎಂದು ಕೆಂಪು ಮಸಿಯಲ್ಲಿ ಗುರುತು. ಒಬ್ಬನಿಗೆ ಚೇಳು ಕಡಿದಿತ್ತು. ಒಬ್ಬನಿಗೆ ಕಣ್ಣು ನೋವು. ಒಬ್ಬ ಬಿಯರ್ ಮಾಡುತ್ತಿದ್ದ. ಒಬ್ಬ ತೀರಿಹೋದ ತಾಯಿಯ ದೇಹಕ್ಕೆ ಬಟ್ಟೆ ಸುತ್ತುತ್ತಿದ್ದ. ಇವರು ದಿನ ಎಣಿಸುವ ಜನ. ‘ಹದಿನೆಂಟು ದಿನ ಕಳೆದವು’ ಎಂದು ಹೇಳುವ ಅಭ್ಯಾಸ ಅವರಿಗೆ ಬಂದದ್ದು ಇಲ್ಲಿಂದ.

ಪಡಿ ಎಷ್ಟು?

ನಾಣ್ಯ ಇನ್ನೂ ಹುಟ್ಟಿರಲಿಲ್ಲ. ಬೆಲೆ ಹೇಳಲು ತಾಮ್ರದ ತೂಕ ಬಳಸುತ್ತಿದ್ದರು. ಸಂಬಳ ಮಾತ್ರ ಕಾಳಿನ ರೂಪದಲ್ಲಿ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಪಡಿ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ಸಲ್ಲಬೇಕಾದ ಪಡಿ ಐದೂವರೆ ಚೀಲ. ಅದರಲ್ಲಿ 4 ಚೀಲ ಎಮ್ಮರ್ ಗೋಧಿ, ಒಂದೂವರೆ ಚೀಲ ಬಾರ್ಲಿ. ಅವರ ಚೀಲಕ್ಕೆ ‘ಖಾರ್’ ಎಂದು ಹೆಸರು, ಸುಮಾರು 77 ಲೀಟರ್ ಅಳತೆ. ಮೇಸ್ತ್ರಿಗೆ ಏಳೂವರೆ ಚೀಲ.

ಎಮ್ಮರ್ ಎಂದರೆ ದೂರದ ಯಾವುದೋ ಧಾನ್ಯ ಅಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಹುಗ್ಗಿಗೆ ಹಾಕುವ ಜವೆ ಗೋಧಿ ಇದೆಯಲ್ಲ, ಅದೇ ಜಾತಿ. ಕಾಳಿಗೆ ಹೊಟ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕುಟ್ಟದೆ ಬಿಡುವುದಿಲ್ಲ. ಬಿಡಿಸಿ, ಬೀಸಿ, ನಾದಿ, ಸುಟ್ಟರೆ ರೊಟ್ಟಿ. ಬಾರ್ಲಿಯಿಂದ ಬಿಯರ್. ರೊಟ್ಟಿ ಮತ್ತು ಬಿಯರ್, ಇವೆರಡು ಇದ್ದರೆ ಆ ಮನೆಯಲ್ಲಿ ಊಟ ಇದೆ ಎಂದು ಅರ್ಥ. ಕಾಳು ಬೀಸಿಕೊಡಲು ಸರ್ಕಾರವೇ ಊರಿಗೆ ದಾಸಿಯರನ್ನು ಕೊಟ್ಟಿತ್ತು. ಯಾವ ಮನೆಗೆ ಎಷ್ಟು ದಿನ ಅವರ ಕೆಲಸ ಎಂಬ ಲೆಕ್ಕವೂ ಇತ್ತು. ಆ ಹೆಂಗಸರ ಬೆನ್ನುನೋವು ಯಾವ ಚೂರಿನಲ್ಲೂ ಬರೆದಿಲ್ಲ, ಆದರೆ ರೊಟ್ಟಿಯ ಹಿಂದೆ ಅವರೂ ಇದ್ದರು.

ಪಡಿಯಲ್ಲಿ ತಿಂದು ಉಳಿದದ್ದನ್ನು ಕೊಟ್ಟು ಚಪ್ಪಲಿ, ಬುಟ್ಟಿ, ಮಂಚ, ಎಣ್ಣೆ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಪಡಿ ನಿಂತರೆ ಊಟವೊಂದೇ ಅಲ್ಲ, ಸಂಸಾರದ ವ್ಯವಹಾರವೇ ನಿಲ್ಲುತ್ತಿತ್ತು. ಉಳಿದ ಸಾಮಾನುಗಳಿಗೆ ಊರ ಹೊರಗಿನ ಇನ್ನೊಂದು ಗುಂಪಿತ್ತು. ನೀರು ಹೊರುವವರು, ಮೀನು ಹಿಡಿಯುವವರು, ಸೌದೆ ತರುವವರು, ತರಕಾರಿ ಬೆಳೆಯುವವರು, ಕುಂಬಾರರು, ಅಗಸರು. ಇವರೆಲ್ಲ ಊರಿಗಾಗಿಯೇ ನೇಮಕ ಆದವರು. ಒಂದೊಂದು ಸಾಮಾನು ಎಷ್ಟು ಬರಬೇಕು ಎಂಬುದು ಮೊದಲೇ ಗೊತ್ತಿತ್ತು, ಬಂದದ್ದು ಎಷ್ಟು, ಬಾಕಿ ಎಷ್ಟು ಎಂದು ಬರೆಯುತ್ತಿದ್ದರು.

ಮೊದಲ ಗುರುತು

ಧರಣಿ ದಿಢೀರನೆ ಶುರುವಾಗಲಿಲ್ಲ. ಅದೇ 29ನೇ ವರ್ಷ, ಸುಮಾರು ಮೂರೂವರೆ ತಿಂಗಳ ಹಿಂದೆ, ಲಿಪಿಕಾರ ಅಮೆನ್‌ನಖ್ತ್ ಒಂದು ಚೂರಿನ ಮೇಲೆ ಬರೆದಿದ್ದಾನೆ. ತಿಂಗಳಲ್ಲಿ 20 ದಿನ ಕಳೆದರೂ ಪಡಿ ಬಂದಿಲ್ಲ ಎಂದು ತಂಡಕ್ಕೆ ಅವನೇ ಹೇಳಿದ. ಹೇಳಿ ಸುಮ್ನೆ ಕೂರಲಿಲ್ಲ. ಹೊರೆಮ್‌ಹೆಬ್ ರಾಜನ ದೇವಾಲಯಕ್ಕೆ ತಾನೇ ಹೋದ. ಎರಡು ದಿನಕ್ಕೆ 46 ಚೀಲ ಎಮ್ಮರ್ ಸಿಕ್ಕಿತು.

46 ಚೀಲ ಎಂದರೆ ಎಷ್ಟು? 40 ಜನರಿಗೆ ತಿಂಗಳಿಗೆ ಸಲ್ಲಬೇಕಾದದ್ದು 220 ಚೀಲ. ಮೇಸ್ತ್ರಿಗಳದ್ದು ಬೇರೆ. ಬಂದದ್ದನ್ನು ಹಂಚಿದರೆ ತಲೆಗೆ ಒಂದು ಚೀಲಕ್ಕಿಂತ ಸ್ವಲ್ಪ ಜಾಸ್ತಿ. ಐದೂವರೆ ಬರಬೇಕಾದ ಕಡೆ ಒಂದು. ಬೆಂಕಿ ಆರಿಸಲು ಒಂದು ಚೊಂಬು ನೀರು ಎರಚಿದ ಹಾಗೆ. ಅವತ್ತು ಯಾರೂ ಗೋಡೆ ದಾಟಲಿಲ್ಲ. ಆದರೆ ಕಾಳು ಎಲ್ಲಿದೆ ಎಂಬುದು ತಂಡದ ಎಲ್ಲರಿಗೂ ತಿಳಿಯಿತು. ಅದು ದೇವಾಲಯಗಳ ಕಣಜದಲ್ಲಿತ್ತು.

ನಾಲ್ಕು ದಿನ

10ನೇ ದಿನ ಅವರು ಕೂತದ್ದು ಯಾವುದೋ ಮರದ ನೆರಳಲ್ಲಲ್ಲ, ದೇವಾಲಯದ ಬೆನ್ನಿಗೆ. ಇಬ್ಬರು ಮೇಸ್ತ್ರಿಗಳು, ಲಿಪಿಕಾರ, ಅವರ ಕೈಕೆಳಗಿನವರು ಎಲ್ಲ ಬಂದು ‘ಒಳಗೆ ಬನ್ನಿ’ ಎಂದು ಕೂಗಿದರು. ಆಣೆ ಮಾಡಿದರು, ಅರಸನ ಮಾತು ತಂದಿದ್ದೇವೆ ಎಂದರು. ಇವರು ಏಳಲಿಲ್ಲ. ಹಗಲೆಲ್ಲ ಅಲ್ಲೇ ಇದ್ದು, ರಾತ್ರಿ ಸಮಾಧಿಯ ಆವರಣಕ್ಕೆ ಮರಳಿದರು.

11ನೇ ದಿನ ಮತ್ತೆ ಹೊರಟರು. ಈ ಸಲ ರಾಮೆಸ್ಸಿಯಮ್ ಕಡೆಗೆ, ಅಂದರೆ ಎರಡನೇ ರಾಮ್ಸೆಸ್‌ನ ದೇವಾಲಯದ ಕಡೆಗೆ. ಇದನ್ನು ನೋಡಿದವರಿಗೆ ಗೊತ್ತು, ಆ ದೇವಾಲಯದ ಹಿಂದೆ ಹಸಿ ಇಟ್ಟಿಗೆಯ ಉದ್ದುದ್ದ ಕಮಾನು ಕಣಜಗಳು ಸಾಲಾಗಿ ಇವತ್ತಿಗೂ ನಿಂತಿವೆ. ಹಸಿದವನು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋದರು.

12ನೇ ದಿನ ಒಳಗೇ ನುಗ್ಗಿದರು. ಆಗ ಅವರು ಆಡಿದ ಮಾತನ್ನು ಲಿಪಿಕಾರ ಹಾಗೇ ಬರೆದುಕೊಂಡಿದ್ದಾನೆ. ಅದರ ಸಾರ ಹೀಗಿದೆ: ಹಸಿವು ಮತ್ತು ಬಾಯಾರಿಕೆಯಿಂದ ನಾವು ಇಲ್ಲಿಗೆ ಬಂದೆವು. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ. ನಮ್ಮ ಒಡೆಯನಾದ ಫೆರೋಗೆ ಹೇಳಿ ಕಳಿಸಿ, ನಮ್ಮ ಮೇಲಿನ ದಿವಾನನಿಗೆ ಹೇಳಿ ಕಳಿಸಿ, ನಮಗೆ ಬದುಕಲು ದಾರಿಯಾಗಲಿ.

ಈ ಮಾತನ್ನು ನಾನು ಎಷ್ಟೋ ಸಲ ಓದಿದ್ದೇನೆ. ಓದಿದಾಗೆಲ್ಲ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಟ್ಟೆ, ಎಣ್ಣೆ, ಮೀನು, ತರಕಾರಿ ಎಂದು ಅವರು ಬಾಯಿಗೆ ಬಂದದ್ದನ್ನು ಹೇಳಲಿಲ್ಲ. ಊರಿಗೆ ಬರಬೇಕಾದ ಸಾಮಾನಿನ ಪಟ್ಟಿಯನ್ನೇ ಒಂದೊಂದಾಗಿ ಓದಿದರು. ಬೇಡಿದ್ದಲ್ಲ, ಬಾಕಿ ಲೆಕ್ಕ ಒಪ್ಪಿಸಿದ್ದು.

ಅದೇ ದಿನ ಅವರಿಗೆ ಪಡಿ ಅಳೆದುಕೊಟ್ಟರು. ಆದರೆ ಯಾವ ತಿಂಗಳದ್ದು? ಹಿಂದಿನ ತಿಂಗಳದ್ದು! ಅಂದರೆ ಪೂರ್ತಿ ಒಂದು ತಿಂಗಳ ಬಾಕಿ ಇತ್ತು, ಈ ತಿಂಗಳದ್ದು ಇನ್ನೂ ಬರಬೇಕಿತ್ತು. ಹಾಗಾಗಿ ಕಾಳು ಕೈಗೆ ಬಂದರೂ ಅವರು ನಿಲ್ಲಿಸಲಿಲ್ಲ.

13ನೇ ದಿನ ನಡೆದದ್ದು ನನಗೆ ತುಂಬಾ ಇಷ್ಟವಾದ ಭಾಗ. ಪಶ್ಚಿಮ ದಡದ ಪೊಲೀಸ್ ಮುಖ್ಯಸ್ಥ ಮೊಂಟುಮೋಸ್ ಎಂಬವನು ಅವರ ಹತ್ತಿರ ಬಂದ. ದೊಣ್ಣೆ ಎತ್ತಲಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ ಕೇಳಿ ಎಂದ. ಮೇಲೆ ಹೋಗಿ, ನಿಮ್ಮ ಹತಾರಗಳನ್ನು ಒಟ್ಟು ಮಾಡಿ, ಮನೆ ಬಾಗಿಲು ಹಾಕಿ, ಹೆಂಡತಿ ಮಕ್ಕಳನ್ನೂ ಕರೆತನ್ನಿ. ನಾನೇ ನಿಮ್ಮ ಮುಂದೆ ನಡೆದು ಸೇತಿ ರಾಜನ ದೇವಾಲಯಕ್ಕೆ ಕರೆದೊಯ್ಯುತ್ತೇನೆ, ಅಲ್ಲೇ ಕೂರಿಸುತ್ತೇನೆ. ಕಾವಲು ಕಾಯಬೇಕಾದವನೇ ಸಂಸಾರ ಸಮೇತ ಧರಣಿಗೆ ಬನ್ನಿ ಎನ್ನುತ್ತಿದ್ದಾನೆ. ಅವನಿಗೂ ಪಡಿ ಬರುತ್ತಿದ್ದದ್ದು ಅದೇ ಕಣಜಗಳಿಂದ ತಾನೇ? ಅದೂ ಒಂದು ಕಾರಣ ಇರಬಹುದು. ಆದರೆ ಹಸಿದವರನ್ನು ದಿನವೂ ಕಣ್ಣೆದುರು ನೋಡಿದವನ ಮನಸ್ಸೂ ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಕೆಲವು ದಿನಗಳ ನಂತರ ಆ ತಿಂಗಳ ಪಡಿಯೂ ಬಂತು. ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

‘ಹಸಿವಿಗಾಗಿ ಅಲ್ಲ’

ಮುಂದಿನ ತಿಂಗಳು ಮತ್ತೆ ಗೋಡೆ ದಾಟಿದರು. ಕರೆತರಲು ಹೋದ ಮುಖಂಡರ ಎದುರಿಗೆ ಮೋಸೆ ಎಂಬ ಕೆಲಸಗಾರ ಅಮುನ್ ದೇವರ ಮೇಲೆ, ರಾಜನ ಮೇಲೆ ಆಣೆ ಇಟ್ಟ. ನನ್ನನ್ನು ಇಲ್ಲಿಂದ ಎಳೆದೊಯ್ದರೆ ಸಮಾಧಿಗೇ ಕೈ ಹಾಕುತ್ತೇನೆ ಎನ್ನುವ ಅರ್ಥದ ಆಣೆ. ಅದರಲ್ಲಿ ಎರಡು ತಪ್ಪು. ಫೆರೋನ ಹೆಸರಲ್ಲಿ ಹಾಗೆ ಆಣೆ ಮಾಡುವುದೇ ಅಪರಾಧ. ಇನ್ನು ಸಮಾಧಿ ಕೊರೆಯುವವನೇ ಸಮಾಧಿಗೆ ಕೈ ಹಾಕುತ್ತೇನೆ ಎಂದರೆ? ಎಲ್ಲಿ ಏನಿದೆ ಎಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಇನ್ನೊಂದು ಸಲ. ಊರ ಬಾಗಿಲಲ್ಲಿ ಮುಖಂಡರು ಜೋರಾಗಿ ಕೂಗಾಡಿದರು. ತಂಡ ಆಗಲೇ ಹೊರಟಾಗಿತ್ತು. ಅಮೆನ್‌ನಖ್ತ್ ಜನ ಕಳಿಸಿದ. ಹೋದವನು ಉತ್ತರ ಹೊತ್ತು ವಾಪಸ್ ಬಂದ. ಸಂಗಾತಿಗಳ ಮುಂದೆ ನಿಂತು ಕೆನ್ನ ಮತ್ತು ಹಯ್ ಎಂಬ ಇಬ್ಬರು ಆಡಿದ ಮಾತು ಅದು. ನಾವು ಬರುವುದಿಲ್ಲ, ನಿಮ್ಮ ಮೇಲಿನವರಿಗೆ ಹೇಳಿ. ನಾವು ಗೋಡೆ ದಾಟಿದ್ದು ಹಸಿವಿಗಾಗಿ ಅಲ್ಲ. ನಮ್ಮದೊಂದು ದೊಡ್ಡ ದೂರಿದೆ. ಫೆರೋನ ಈ ಜಾಗದಲ್ಲಿ ಕೆಟ್ಟ ಕೆಲಸ ನಡೆದಿದೆ.

ಈ ಪ್ರಕರಣದ ತಿರುವು ಇಲ್ಲಿದೆ ಎಂದು ನಾನು ತಿಳಿಯುತ್ತೇನೆ. ಮೊದಲ ದಿನ ‘ಹಸಿವಾಗಿದೆ’ ಎಂದವರು, ಈಗ ‘ಹಸಿವಿಗಾಗಿ ಅಲ್ಲ’ ಎನ್ನುತ್ತಿದ್ದಾರೆ. ಹಸಿವು ಹೋಗಿತ್ತು ಎಂದಲ್ಲ. ಯಾಕೆ ಹಸಿವಾಯಿತು ಎಂದು ಅವರು ಯೋಚಿಸಿದ್ದರು. ಈಜಿಪ್ಟಿನವರಿಗೆ ‘ಮಾತ್’ ಎಂಬ ಒಂದು ನಂಬಿಕೆ ಇತ್ತು. ಸತ್ಯ, ನ್ಯಾಯ, ಎಲ್ಲವೂ ಇರಬೇಕಾದ ಹಾಗೆ ಇರುವುದು, ಈ ಮೂರನ್ನೂ ಸೇರಿಸಿದ ಮಾತು ಅದು. ಮಾತ್ ಅನ್ನು ಕಾಯುವುದೇ ರಾಜನ ಮೊದಲ ಕೆಲಸ. ಊರಿನ ಹೆಸರಿನಲ್ಲೇ ಆ ಶಬ್ದ ಇದೆ. ಕೆಲಸ ಮಾಡಿದವನಿಗೆ ಪಡಿ ಬರಲಿಲ್ಲ ಎಂದರೆ ಅದು ಬರೀ ತಡವಲ್ಲ, ರಾಜನ ಹೆಸರಿನಲ್ಲಿ ಯಾರೋ ಮಾತ್ ಮುರಿದಿದ್ದಾರೆ ಎಂದು ಅರ್ಥ. ಅವರು ರಾಜನ ವಿರುದ್ಧ ನಿಲ್ಲಲಿಲ್ಲ. ರಾಜನ ಧರ್ಮವನ್ನೇ ಮುಂದೆ ಹಿಡಿದು ಅಧಿಕಾರಿಗಳನ್ನು ಕೇಳಿದರು.

ದಿವಾನನ ಉತ್ತರ

ಆಗಿನ ದಿವಾನನ ಹೆಸರು ಟೋ. ರಾಜನ ನಂತರದ ಸ್ಥಾನ ಅವನದೇ, ಈ ಊರು ನೇರವಾಗಿ ಅವನ ಕೈಕೆಳಗೆ. ಪೆರೆತ್‌ನ ನಾಲ್ಕನೇ ತಿಂಗಳ 28ನೇ ದಿನ ಅವನು ಥೀಬ್ಸ್ ಮೂಲಕ ಉತ್ತರಕ್ಕೆ ಹೊರಟ. ಬಂದ ಕೆಲಸವೇ ಬೇರೆ. ರಾಜನ ಆಳ್ವಿಕೆಗೆ 30 ವರ್ಷ ತುಂಬುವ ‘ಸೆದ್’ ಹಬ್ಬಕ್ಕೆ ದಕ್ಷಿಣದ ಊರುಗಳ ದೇವರುಗಳನ್ನು ಕರೆದೊಯ್ಯಲು ಬಂದಿದ್ದ. 30ನೇ ವರ್ಷ ಶುರುವಾಗಲು ಒಂದು ತಿಂಗಳೂ ಇರಲಿಲ್ಲ. ದೇವರುಗಳು ದೋಣಿ ಹತ್ತಿದವು. ದಿವಾನ ಊರಿನ ಬಾಗಿಲಿಗೆ ಬರಲಿಲ್ಲ, ಒಬ್ಬ ಪೊಲೀಸ್ ಅಧಿಕಾರಿಯ ಕೈಲಿ ಮಾತು ಕಳಿಸಿದ.

ನಾನು ಕಾರಣವಿಲ್ಲದೆ ಬರದೆ ಇದ್ದೆನೇ? ಕೊಡಲು ಏನೂ ಇಲ್ಲ ಎಂದು ಬರದೆ ಇದ್ದದ್ದಲ್ಲ. ನಮ್ಮ ಪಡಿ ಕಿತ್ತುಕೊಳ್ಳಬೇಡಿ ಎನ್ನುತ್ತೀರಿ. ಕಿತ್ತುಕೊಳ್ಳುವುದಕ್ಕೆಂದೇ ನನ್ನನ್ನು ದಿವಾನನಾಗಿ ಮಾಡಿದ್ದಾರೆಯೇ? ಕಣಜದಲ್ಲೇ ಏನೂ ಇಲ್ಲ. ಆದರೂ ಸಿಕ್ಕಿದ್ದನ್ನು ಕೊಡುತ್ತೇನೆ. ಇದು ಅವನ ಸಂದೇಶ. ಅದನ್ನು ಕೇಳಿದ ಮೇಲೆ ಹೋರಿ ಎಂಬ ಲಿಪಿಕಾರ ಹೇಳಿದ: ನಿಮಗೆ ಅರ್ಧ ಪಡಿ ಸಿಗುತ್ತದೆ, ನಾನೇ ಹಂಚುತ್ತೇನೆ.

ಆ ಸಂದೇಶದ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ, ಗಮನಿಸಿದಿರಾ? ಕೊಡಲು ಇಲ್ಲ ಎಂದು ಬರದೆ ಇದ್ದದ್ದಲ್ಲ ಎನ್ನುತ್ತಾನೆ. ಮರುಕ್ಷಣ ಕಣಜ ಖಾಲಿ ಎನ್ನುತ್ತಾನೆ. ಟೋ ಕೆಟ್ಟವನು ಎಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಅವನಿಗೆ ಹಬ್ಬವನ್ನೂ ನಡೆಸಬೇಕಿತ್ತು, ಇಡೀ ದೇಶವನ್ನೂ ನೋಡಬೇಕಿತ್ತು. ಆದರೆ ಹಸಿದವರ ಬಾಗಿಲಿಗೆ ಹೋಗದೆ ಹೇಳಿಕಳಿಸಿದ ಮಾತಿಗೆ ತೂಕ ಇರುವುದಿಲ್ಲ. ಎರಡು ವಾರದಲ್ಲಿ ತಂಡ ಮತ್ತೆ ಗೋಡೆ ದಾಟಿತು.

ಈ ಸಲ ಮೆರ್ನೆಪ್ತಾ ರಾಜನ ದೇವಾಲಯದ ಹಿಂದೆ. ಥೀಬ್ಸ್‌ನ ನಗರಾಧಿಕಾರಿ ಆ ದಾರಿಯಲ್ಲಿ ಹೋಗುತ್ತಿದ್ದ. ಅವನನ್ನು ಕೂಗಿ ಕರೆದರು. ಅವನು ಜನ ಕಳಿಸಿ ಹೇಳಿಸಿದ: ಫೆರೋ ನಿಮಗೆ ಪಡಿ ಕೊಡುವ ತನಕ ಜೀವ ಹಿಡಿದುಕೊಳ್ಳಲು ಈ 50 ಚೀಲ ಎಮ್ಮರ್ ಕೊಡುತ್ತೇನೆ. ಮತ್ತೆ ಅದೇ ಲೆಕ್ಕ, ತಲೆಗೆ ಒಂದು ಚೀಲದ ಮೇಲೆ ಸ್ವಲ್ಪ.

ಕಣಜ ನಿಜವಾಗಿ ಖಾಲಿಯಾಗಿತ್ತೇ?

ಈ ಪ್ರಶ್ನೆಗೆ ಎರಡೂ ಕಡೆಯಿಂದ ನೋಡಬೇಕು. ಮೂರನೇ ರಾಮ್ಸೆಸ್ ತನ್ನ 5, 8 ಮತ್ತು 11ನೇ ವರ್ಷಗಳಲ್ಲಿ ಲಿಬಿಯಾದವರ ಮೇಲೆ, ಸಮುದ್ರದ ಕಡೆಯಿಂದ ಬಂದ ಜನರ ಮೇಲೆ ದೊಡ್ಡ ಯುದ್ಧ ಮಾಡಿದ. ಮೆದೀನೆತ್ ಹಬು ಎಂಬ ಭಾರಿ ದೇವಾಲಯ ಕಟ್ಟಿಸಿದ. ಅವನ ಕೊನೆಯ ವರ್ಷಗಳ ಹೊತ್ತಿಗೆ ಕಾಳಿನ ದರ ಏರತೊಡಗಿತ್ತು. ಬೊಕ್ಕಸಕ್ಕೆ ಹೊರೆ ಇದ್ದದ್ದು ನಿಜ.

ಇನ್ನೊಂದು ಸಂಗತಿ ಪಂಚಾಂಗದಲ್ಲಿದೆ. ಈಜಿಪ್ಟಿನ ವರ್ಷಕ್ಕೆ ಸರಿಯಾಗಿ 365 ದಿನ, ಅಧಿಕ ದಿನ ಇಲ್ಲ. ಹಾಗಾಗಿ ಋತುಗಳ ಹೆಸರು ನಿಜವಾದ ಋತುಗಳಿಂದ ನಿಧಾನವಾಗಿ ಜಾರುತ್ತಿತ್ತು. ಲೆಕ್ಕ ಹಾಕಿದರೆ ಮೊದಲ ಧರಣಿ ನಮ್ಮ ನವೆಂಬರ್ ಸುಮಾರಿಗೆ ಬರುತ್ತದೆ. ನಗರಾಧಿಕಾರಿಯ 50 ಚೀಲ ಫೆಬ್ರವರಿಗೆ. ನೈಲ್‌ನ ನೆರೆ ಇಳಿದು ಬಿತ್ತನೆ ಮಾಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಸುಗ್ಗಿ ಮಾರ್ಚ್ ಆದ ಮೇಲೆ. ಅಂದರೆ ಈ ಪೂರ್ತಿ ಜಗಳ ನಡೆದದ್ದು ಹಳೆಯ ಕಾಳು ಮುಗಿಯುತ್ತಾ, ಹೊಸ ಕಾಳು ಇನ್ನೂ ಹೊಲದಲ್ಲಿರುವ ತಿಂಗಳುಗಳಲ್ಲಿ. ರೈತರ ಮನೆಯಲ್ಲಿ ಹುಟ್ಟಿದವರಿಗೆ ಆ ತಿಂಗಳುಗಳು ಹೇಗಿರುತ್ತವೆ ಎಂದು ಹೇಳಬೇಕಿಲ್ಲ. ದಿವಾನ ಕಣಜ ಖಾಲಿ ಎಂದದ್ದರಲ್ಲಿ ಅಷ್ಟು ಮಟ್ಟಿಗೆ ನಿಜ ಇರಬಹುದು.

ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹತ್ತನೇ ದಿನ ಇರದಿದ್ದ ಕಾಳು ಹನ್ನೆರಡನೇ ದಿನಕ್ಕೆ ಎಲ್ಲಿಂದ ಬಂತು? ಅಮೆನ್‌ನಖ್ತ್ ದೇವಾಲಯದ ಬಾಗಿಲು ತಟ್ಟಿದಾಗ ಎರಡೇ ದಿನದಲ್ಲಿ 46 ಚೀಲ ಹೇಗೆ ಹೊರಬಂತು? ದಾರಿಯಲ್ಲಿ ಹೋಗುತ್ತಿದ್ದ ಅಧಿಕಾರಿ 50 ಚೀಲ ಎಲ್ಲಿಂದ ಕೊಡಿಸಿದ? ಮೂರೂ ಸಲ ಕೇಳಿದ ಮೇಲೆ ಬಂತು, ಕೇಳುವ ತನಕ ಬರಲಿಲ್ಲ. ಇನ್ನು ಈ ರಾಜ ದೇವಾಲಯಗಳಿಗೆ ಕೊಟ್ಟ ದಾನಗಳ ಪಟ್ಟಿ ಇರುವ ಇನ್ನೊಂದು ಪಪೈರಸ್ ಇದೆ, ಅದರ ಉದ್ದ ಸುಮಾರು 41 ಮೀಟರ್. ದೇಶದ ಹೊಲಗಳಲ್ಲಿ ದೊಡ್ಡ ಪಾಲು ದೇವಾಲಯಗಳ ಕೈಯಲ್ಲಿತ್ತು. ಕಾಳು ಹೊಲದಿಂದ ದೋಣಿಗೆ, ದೋಣಿಯಿಂದ ಕಣಜಕ್ಕೆ, ಕಣಜದಿಂದ ಲಿಪಿಕಾರನ ಅಳತೆಗೆ, ಅಲ್ಲಿಂದ ಮನೆಗೆ ಬರಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಎನ್ನುತ್ತೇವಲ್ಲ, ನೈಲ್ ದಡದಲ್ಲಿ ಅದು ಅಕ್ಷರಶಃ ನಡೆಯಿತು.

ನಡುವೆ ನಿಂತವನು

ಪ್ರಕರಣದ ಉದ್ದಕ್ಕೂ ಇರುವ ಒಬ್ಬ ಮನುಷ್ಯ ಅಮೆನ್‌ನಖ್ತ್. ಇಪುಯ್‌ನ ಮಗ. ರಾಜನ 16ನೇ ವರ್ಷದಲ್ಲಿ ಇದೇ ಟೋ ಅವನನ್ನು ಲಿಪಿಕಾರನನ್ನಾಗಿ ನೇಮಿಸಿದ್ದ. ನಮ್ಮ ಹಳ್ಳಿಗಳ ಹಳೆಯ ಶಾನುಭೋಗರ ಹಾಗೆ ಊರಿನ ಲೆಕ್ಕವೆಲ್ಲ ಅವನ ಕೈಯಲ್ಲಿ. ಮುಷ್ಕರದ ಪಪೈರಸ್ ಬರೆದವನೂ ಅವನೇ ಎಂದು ವಿದ್ವಾಂಸರು ಹೇಳುತ್ತಾರೆ. ವಾದಿ ಹಮ್ಮಾಮಾತ್ ಕಣಿವೆಯ ಕಲ್ಲು, ಚಿನ್ನ ಎಲ್ಲಿದೆ ಎಂದು ತೋರಿಸುವ ಪ್ರಸಿದ್ಧ ನಕ್ಷೆಯನ್ನೂ ಅವನದೇ ಕೆಲಸ ಎನ್ನುತ್ತಾರೆ.

ಅವನು ಯಾರ ಕಡೆಯವನು? ಮೊದಲು ಪಡಿ ತಡವಾದಾಗ ತಾನೇ ಓಡಿಹೋಗಿ ಕಾಳು ತಂದ. ತಂಡ ಹೊರಗೆ ಹೋದಾಗ ಒಳಗೆ ಬನ್ನಿ ಎಂದು ಕರೆದವರಲ್ಲೂ ಅವನಿದ್ದ. ಅರ್ಧ ಪಡಿ ಬಂದ ಕೆಲವೇ ದಿನದಲ್ಲಿ ಒಂದು ಪ್ರಸಂಗ ನಡೆಯಿತು. ಮೇಸ್ತ್ರಿ ಖೋನ್ಸು ತಂಡಕ್ಕೆ ಹೇಳಿಕೊಟ್ಟ: ಕೊಟ್ಟ ಪಡಿ ತೆಗೆದುಕೊಳ್ಳಿ, ಆದರೆ ನದಿಯ ದಕ್ಕೆಗೆ ಇಳಿಯಿರಿ, ದಿವಾನನ ಕಡೆಯವರು ಅವನಿಗೆ ಹೇಳಲಿ. ಅಮೆನ್‌ನಖ್ತ್ ಕಾಳು ಹಂಚಿ ಮುಗಿಸುತ್ತಿದ್ದ ಹಾಗೇ ತಂಡ ಹೊರಟಿತು. ಅವನು ಅಡ್ಡ ನಿಂತ. ದಕ್ಕೆಗೆ ಹೋಗಬೇಡಿ, ಈಗಷ್ಟೇ ನಿಮಗೆ ಎರಡು ಚೀಲ ಎಮ್ಮರ್ ಕೊಟ್ಟಿದ್ದೇನೆ. ಹೋದರೆ ನೀವು ಯಾವ ನ್ಯಾಯಸಭೆಗೆ ಹೋದರೂ ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡಿಸುತ್ತೇನೆ ಎಂದ. ಅವರನ್ನು ವಾಪಸ್ ಕರೆತಂದ. ಮೇಸ್ತ್ರಿ ತಂಡದ ಕಡೆ, ಲಿಪಿಕಾರ ಕಚೇರಿಯ ಕಡೆ, ಆ ಒಂದು ದಿನದ ಮಟ್ಟಿಗೆ.

ಆದರೆ ಅವನು ಬರೆದದ್ದನ್ನು ನೋಡಿ. ಕೆಲಸಗಾರರು ತನ್ನ ಮೇಲಿನವರನ್ನು ಬೈದದ್ದನ್ನು ಬರೆದ. ದಿವಾನನ ಮಾತು ಬರೆದ. ತಾನು ಹೆದರಿಸಿದ್ದನ್ನೂ ಬರೆದ. ನಗರಾಧಿಕಾರಿ 50 ಚೀಲದ ಮಾತು ಕಳಿಸಿ ಮೂರು ದಿನ ಕಳೆದ ಮೇಲೆ ಪೆನನುಕೆತ್ ಎಂಬ ಕೆಲಸಗಾರ ಬಂದು, ಇಬ್ಬರು ಎರಡನೇ ರಾಮ್ಸೆಸ್‌ನ ಸಮಾಧಿಯ ಮೇಲಿನ ಕಲ್ಲುಗಳನ್ನು ಕಿತ್ತಿದ್ದಾರೆ ಎಂದು ದೂರು ಕೊಟ್ಟಾಗ ಅದನ್ನೂ ಹೆಸರು ಸಮೇತ ಬರೆದ. ಈ ಕೆಟ್ಟ ತಿಂಗಳುಗಳಲ್ಲಿ ಏನೇನು ಸಡಿಲವಾಗಿತ್ತು ಎಂದು ನಮಗೆ ಗೊತ್ತಾಗುವುದು ಅವನ ಕೈಬರಹದಿಂದಲೇ.

ಆಮೇಲೆ

ಮೂರನೇ ರಾಮ್ಸೆಸ್‌ನ ಆಳ್ವಿಕೆ ಮುಂದೆ ಮೂರು ವರ್ಷವೂ ಇರಲಿಲ್ಲ. ಅಂತಃಪುರದಲ್ಲೇ ಅವನ ಮೇಲೆ ಸಂಚು ನಡೆಯಿತು. 2012ರಲ್ಲಿ ಅವನ ಮಮ್ಮಿಯ ಸ್ಕ್ಯಾನ್ ವಿವರ ಹೊರಬಂದಾಗ ಗಂಟಲು ಆಳವಾಗಿ ಕತ್ತರಿಸಿರುವುದು ಕಂಡಿತು. ಮಗ ನಾಲ್ಕನೇ ರಾಮ್ಸೆಸ್ ತಂಡವನ್ನು 120 ಜನರಿಗೆ ಹೆಚ್ಚಿಸಿದ. ಬಾಯಿಗಳು ಹೆಚ್ಚಿದವು, ಕಣಜ ಹೆಚ್ಚಲಿಲ್ಲ. ಒಂಬತ್ತನೇ, ಹತ್ತನೇ ರಾಮ್ಸೆಸ್‌ರ ಕಾಲದಲ್ಲೂ ಪಡಿ ತಡವಾಗುತ್ತಲೇ ಇತ್ತು, ಕೆಲಸ ನಿಲ್ಲುತ್ತಲೇ ಇತ್ತು. ಒಂಬತ್ತನೇ ರಾಮ್ಸೆಸ್‌ನ 16ನೇ ವರ್ಷದಲ್ಲಿ ಸಮಾಧಿ ಕಳ್ಳತನದ ದೊಡ್ಡ ವಿಚಾರಣೆಯೇ ನಡೆಯಿತು. ಮೋಸೆ ಸಿಟ್ಟಿನಲ್ಲಿ ಆಡಿದ ಮಾತನ್ನು ಬೇರೆಯವರು ಮಾಡಿ ತೋರಿಸಿದ್ದರು. ಕೊನೆಗೆ ಹನ್ನೊಂದನೇ ರಾಮ್ಸೆಸ್‌ನ ಕಾಲಕ್ಕೆ ಜನ ಈ ಊರು ಬಿಟ್ಟು, ಮೆದೀನೆತ್ ಹಬು ದೇವಾಲಯದ ಗೋಡೆಯ ಒಳಗೆ ಹೋಗಿ ನೆಲೆಸಿದರು.

ಆ ಹೊತ್ತಿನ ಒಂದು ಲೆಕ್ಕದ ಪಪೈರಸ್ ಕೂಡ ಟ್ಯೂರಿನ್‌ನಲ್ಲಿದೆ. ಹನ್ನೊಂದನೇ ರಾಮ್ಸೆಸ್‌ನ 12ನೇ ವರ್ಷದ್ದು. ಆಗ ಊರಿನ ಲಿಪಿಕಾರ ಜೆಹುತಿಮೋಸ್. ಅಮೆನ್‌ನಖ್ತ್‌ನ ಮೊಮ್ಮಗನ ಮಗ. ಕಣಜದಿಂದ ಪಡಿ ಬರಲಿ ಎಂದು ಅವನು ಕಾಯಲಿಲ್ಲ. ದೋಣಿ ತೆಗೆದುಕೊಂಡು ಥೀಬ್ಸ್‌ನ ದಕ್ಷಿಣದ ಊರುಗಳಿಗೆ ತಾನೇ ಹೋದ. ಯಾವ ಊರಲ್ಲಿ ಯಾವ ರೈತ ಎಷ್ಟು ಚೀಲ ಕೊಟ್ಟ, ಯಾವ ದೋಣಿಗೆ ಎಷ್ಟು ಹಾಕಿದೆ, ಥೀಬ್ಸ್‌ನಲ್ಲಿ ಯಾರ ಕೈಗೆ ಎಷ್ಟು ಒಪ್ಪಿಸಿದೆ ಎಂದು ಒಂದೊಂದನ್ನೂ ಬರೆದುಕೊಂಡ.